ಬ್ಯಾಕ್‌ಲಾಗ್ ನಮ್ಮ ಮನೆಗೆ ಬಂದ ಮೇಲೆ

ನಾಯಿ ಸಾಕಿದ್ದೀವಿ ಅಂದ ತಕ್ಷಣ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಯಾವ ಬ್ರೀಡು?" ನಾವು "ಬೀದಿ ನಾಯಿ, ಶೆಲ್ಟರ್‌ನಿಂದ ತಂದಿದ್ದು" ಅಂತೀವಿ. ಎರಡನೇ ಪ್ರಶ್ನೆ, "ಮರೀನಾ?" ಅಲ್ಲ, ತಂದಾಗಲೇ ಮೂರು ವರ್ಷ ಆಗಿತ್ತು. ಮೂರನೇ ಪ್ರಶ್ನೆ, "ಏನೇನು ಟ್ರಿಕ್ ಮಾಡುತ್ತೆ?" ಇದಕ್ಕೆ ನಮ್ಮ ಉತ್ತರ ಕೇಳಿದ ಮೇಲೆ ಸಾಮಾನ್ಯವಾಗಿ ನಾಲ್ಕನೇ ಪ್ರಶ್ನೆ ಬರುವುದಿಲ್ಲ. "ಎಂಟು ಅಡಿ ದೂರದಲ್ಲಿ ಯಾರಾದ್ರೂ ಹೆಲ್ಮೆಟ್ ಹಾಕ್ಕೊಂಡು ನಿಂತಿದ್ರೂ ಈಗ ಊಟ ಮಾಡ್ತಾಳೆ."

ಕೇಳಿದವರಿಗೆ ಇದು ಜೋಕು. ನಮಗೆ ಇದು ಒಂದೂವರೆ ವರ್ಷದ ಕೆಲಸ.

ನಾವು ಅಂದರೆ ಮೈಸೂರಿನಲ್ಲಿ ಒಂದು ಹಳೇ ಮನೆಯ ನೆಲಮಹಡಿ ಬಾಡಿಗೆಗೆ ಹಿಡಿದಿರುವ ನಾಲ್ಕು ಜನ. ಇಬ್ಬರು ಎಲೆಕ್ಟ್ರಾನಿಕ್ಸ್, ಒಬ್ಬ ಮೆಕ್ಯಾನಿಕಲ್, ಒಬ್ಬ ಕಂಪ್ಯೂಟರ್ ಸೈನ್ಸ್. ಮೂರನೇ ವರ್ಷದ ಶುರುವಿನಲ್ಲಿ, ಮಳೆಗಾಲದ ಒಂದು ಭಾನುವಾರ, ಊರ ಹೊರಗಿನ ಶೆಲ್ಟರ್‌ಗೆ ಹೋದೆವು. ಎರಡು ತಿಂಗಳಿಂದ ಪ್ರತಿ ಭಾನುವಾರ ಅಲ್ಲಿ ಕೆನ್ನೆಲ್ ತೊಳೆಯೋಕೆ, ಅನ್ನ ಹಾಕೋಕೆ ಹೋಗ್ತಾ ಇದ್ದದ್ದರಿಂದ ಅಲ್ಲಿಯ ನಾಯಿಗಳೆಲ್ಲ ಮುಖಪರಿಚಯ. ಮರಿಗಳು ಬರ್ತಾ ಇದ್ದವು, ವಾರದಲ್ಲಿ ಹೋಗ್ತಾ ಇದ್ದವು. ಮೂಲೆಯ ಕೆನ್ನೆಲ್‌ನ ರಾಗಿ ಬಣ್ಣದ ಹೆಣ್ಣು ನಾಯಿ ಮಾತ್ರ ಅಲ್ಲೇ ಇತ್ತು. ಬಂದು ಎರಡು ವರ್ಷ ಆಗಿತ್ತಂತೆ. ಯಾರು ಬಂದರೂ ಗೋಡೆ ಕಡೆ ಮುಖ ಮಾಡಿ ಕೂರುತ್ತಿತ್ತು. ಶೆಲ್ಟರ್‌ನವರು ಇಟ್ಟ ಹೆಸರು ಬೇರೆ ಇತ್ತು. ಸೆಮಿಸ್ಟರ್ ಮೇಲೆ ಸೆಮಿಸ್ಟರ್ ಕಳೆದರೂ ಕ್ಲಿಯರ್ ಆಗದೆ ಉಳಿದಿದ್ದರಿಂದ ನಾವು ಇಟ್ಟ ಹೆಸರು ಬ್ಯಾಕ್‌ಲಾಗ್.

ಅವಳನ್ನು ಕೊಡಿ ಅಂತ ಕೇಳಿದಾಗ ಅಲ್ಲಿ ನಾಯಿಗಳ ನಡವಳಿಕೆ ನೋಡಿಕೊಳ್ಳುವ ಅಕ್ಕ ಖುಷಿಪಡ್ತಾರೆ ಅಂದುಕೊಂಡಿದ್ದೆವು. ಅವರು ಖುಷಿಪಡಲಿಲ್ಲ. "ಸ್ಟೂಡೆಂಟ್‌ಗಳಿಗೆ ನಾವು ಕೊಡಲ್ಲ" ಅಂದರು. "ಬೀದಿ ನಾಯಿ ಮನೆಯಲ್ಲಿ ಚೆನ್ನಾಗಿ ನೋಡ್ಕೊಂಡ್ರೆ ಹನ್ನೆರಡು, ಹದಿನಾಲ್ಕು ವರ್ಷ ಬದುಕುತ್ತೆ. ಇವಳಿಗೆ ಈಗ ಮೂರು. ನಿಮ್ಮ ಡಿಗ್ರಿ ಮುಗಿಯೋಕೆ ಇನ್ನೆರಡು ವರ್ಷ. ಉಳಿದ ಏಳರಿಂದ ಒಂಬತ್ತು ವರ್ಷ ಇವಳು ಎಲ್ಲಿರ್ತಾಳೆ?"

ಸರಳ ವ್ಯವಕಲನ. ನಾಲ್ಕು ಜನ ಎಂಜಿನಿಯರಿಂಗ್ ಓದುತ್ತಿದ್ದರೂ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಉತ್ತರ ತರೋಕೆ ಮೂರು ವಾರ ಹಿಡಿಯಿತು. ನಮ್ಮಲ್ಲಿ ಒಬ್ಬನ ಊರು ನಂಜನಗೂಡು. ಸ್ವಂತ ಮನೆ, ಹಿತ್ತಲು, ಗೇಟು ಇದೆ. ಅವನ ಅಮ್ಮ ಶೆಲ್ಟರ್‌ಗೆ ಬಂದು, ನಾಯಿಯನ್ನು ಹತ್ತು ನಿಮಿಷ ದೂರದಿಂದ ನೋಡಿ, "ಓದು ಮುಗಿದ ಮೇಲೆ ನಮ್ಮನೇಲಿ ಇರ್ಲಿ" ಅಂತ ಹೇಳಿ ಅಡಾಪ್ಷನ್ ಫಾರ್ಮ್‌ಗೆ ಸಹಿ ಹಾಕಿದರು. ಬಾಡಿಗೆ ಮನೆ ಓನರ್ ಹತ್ತಿರ ಲಿಖಿತ ಒಪ್ಪಿಗೆ ತಗೊಂಡೆವು. ಶೆಲ್ಟರ್‌ನವರು ಮನೆಗೆ ಬಂದು ಕಾಂಪೌಂಡ್ ಎತ್ತರ ಅಳೆದು ನೋಡಿದರು. ಪ್ಲೇಸ್‌ಮೆಂಟ್ ಇಂಟರ್‌ವ್ಯೂ ಇದಕ್ಕಿಂತ ಸುಲಭ ಇತ್ತು ಅಂತ ಆಮೇಲೆ ಗೊತ್ತಾಯ್ತು.

ಮನೆಗೆ ಬಂದ ಬ್ಯಾಕ್‌ಲಾಗ್ ಮೊದಲ ನಾಲ್ಕು ದಿನ ಮಂಚದ ಕೆಳಗಿಂದ ಆಚೆ ಬರಲಿಲ್ಲ. ರಾತ್ರಿ ನಾವು ಮಲಗಿದ ಮೇಲೆ ಬಂದು ಊಟ ಮಾಡಿ ಮತ್ತೆ ಒಳಗೆ. ಅಕ್ಕ ನಮಗೆ ಮುಂಚೆಯೇ ಹೇಳಿದ್ದರು: ಕರೀಬೇಡಿ, ಎಳೀಬೇಡಿ, ಮುದ್ದು ಮಾಡೋಕೆ ಹೋಗಬೇಡಿ, ಮಂಚದ ಕೆಳಗೆ ಬಗ್ಗಿ ನೋಡಲೂಬೇಡಿ. "ನೀವು ಸುಮ್ನೆ ನಿಮ್ಮ ಪಾಡಿಗೆ ಇರಿ. ದಿನಾ ಅದೇ ಹೊತ್ತಿಗೆ ಊಟ, ಅದೇ ಹೊತ್ತಿಗೆ ವಾಕಿಂಗ್, ಅದೇ ಚಪ್ಪಲಿ ಸದ್ದು. ನೀವು ಎಷ್ಟು ಬೋರ್ ಹೊಡೆಸ್ತೀರೋ ಅಷ್ಟು ಬೇಗ ಅವಳು ಆಚೆ ಬರ್ತಾಳೆ."

ಈ ಮಾತು ನಮಗೆ ಹೊಸದು. ಪ್ರಾಣಿ ದತ್ತು ತಗೊಳ್ಳೋದು ಅಂದರೆ ಪ್ರೀತಿ ಕೊಡೋದು ಅಂತ ಎಲ್ಲ ರೀಲ್‌ಗಳೂ ಹೇಳುತ್ತವೆ. ಬೆದರಿದ ನಾಯಿ ಬರುತ್ತೆ, ತಬ್ಬಿಕೊಳ್ತಾರೆ, ಮೂವತ್ತು ಸೆಕೆಂಡಿನಲ್ಲಿ ಬಾಲ ಅಲ್ಲಾಡಿಸುತ್ತೆ, ಹಿನ್ನೆಲೆಯಲ್ಲಿ ಪಿಯಾನೋ. ಆದರೆ ಹೆದರಿದ ನಾಯಿಗೆ ಅಪರಿಚಿತರ ಅಪ್ಪುಗೆ ಪ್ರೀತಿಯ ಹಾಗೆ ಕಾಣುವುದಿಲ್ಲ, ಸಿಕ್ಕಿಬಿದ್ದ ಹಾಗೆ ಕಾಣುತ್ತದೆ. ಅದಕ್ಕೆ ಪ್ರೀತಿಗಿಂತ ಮೊದಲು ಬೇಕಾಗಿರುವುದು ಮುಂದೇನು ಆಗುತ್ತೆ ಅಂತ ಊಹಿಸಲು ಬರುವಂಥ ದಿನ. ನಾಲ್ಕು ಜನರ ಟೈಮ್‌ಟೇಬಲ್, ಲ್ಯಾಬ್, ಇಂಟರ್ನಲ್ಸ್ ಎಲ್ಲ ಸೇರಿಸಿ ನಾವು ಒಂದು ಶೀಟ್ ಮಾಡಿದೆವು. ಬೆಳಿಗ್ಗೆ 6.30ಕ್ಕೆ ಯಾರು, ಮಧ್ಯಾಹ್ನ ಯಾರು, ರಾತ್ರಿ 8ಕ್ಕೆ ಯಾರು. ನಮ್ಮ ಜೀವನದಲ್ಲಿ ಹಿಂದೆ ಯಾವುದಕ್ಕೂ 6.30ಕ್ಕೆ ಎದ್ದವರಲ್ಲ.

ಐದನೇ ದಿನ ಅವಳು ಹಗಲಲ್ಲೇ ಆಚೆ ಬಂದಳು. ಹನ್ನೊಂದನೇ ದಿನ ಒಬ್ಬನ ಪಾದ ಮೂಸಿದಳು. ಆಮೇಲೆ ನಮಗೆ ಅವಳ ನಿಜವಾದ ಸಿಲಬಸ್ ಗೊತ್ತಾಗುತ್ತಾ ಹೋಯಿತು. ಪೊರಕೆ, ಮಾಪ್, ಛತ್ರಿ ಅಂದರೆ ಭಯ. ಊಟದ ತಟ್ಟೆ ಹತ್ತಿರ ಯಾರಾದರೂ ಬಂದರೆ ಗುರ್ರ್ ಅನ್ನುವುದು. ಎಲ್ಲಕ್ಕಿಂತ ದೊಡ್ಡದು ಹೆಲ್ಮೆಟ್. ಹೆಲ್ಮೆಟ್ ಹಾಕಿದ ಮನುಷ್ಯ ಗೇಟ್ ಹತ್ತಿರ ಕಂಡರೆ ಸಾಕು, ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ನಡುಗುತ್ತಿದ್ದಳು. ಮೈಸೂರಿನಂಥ ಊರಿನಲ್ಲಿ, ನಾಲ್ಕು ಜನರಿಗೆ ಎರಡು ಬೈಕ್ ಇರುವ ಮನೆಯಲ್ಲಿ, ಹೆಲ್ಮೆಟ್ ಕಂಡರೆ ಆಗದ ನಾಯಿ!

ಯಾಕೆ ಹೀಗೆ ಅಂತ ಓದಿದೆವು. ನಾಯಿಮರಿ ಹುಟ್ಟಿದ ಸುಮಾರು 3ನೇ ವಾರದಿಂದ 12-14ನೇ ವಾರದವರೆಗೆ ಅದರ ಮನಸ್ಸು ಒಂದು ಕಿಟಕಿ ತೆರೆದಿಟ್ಟುಕೊಂಡಿರುತ್ತದೆ. ಆ ಅವಧಿಯಲ್ಲಿ ಸಮಾಧಾನವಾಗಿ ಕಂಡದ್ದು, ಕೇಳಿದ್ದು, ಮೂಸಿದ್ದು ಎಲ್ಲ "ಮಾಮೂಲಿ" ಪಟ್ಟಿಗೆ ಸೇರುತ್ತದೆ. ಕಾಣದೇ ಉಳಿದದ್ದು ಮುಂದೆ ಅನುಮಾನದ ಪಟ್ಟಿಗೆ ಸೇರುವ ಸಾಧ್ಯತೆ ಹೆಚ್ಚು. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ವರ್ಷಗಟ್ಟಲೆ ನಾಯಿಮರಿಗಳನ್ನು ಬೆಳೆಸಿ ಇದನ್ನು ಅಧ್ಯಯನ ಮಾಡಿ 1965ರಲ್ಲಿ ಪುಸ್ತಕ ತಂದರು. ಬೆಕ್ಕಿನ ಮರಿಗೆ ಈ ಕಿಟಕಿ ಇನ್ನೂ ಚಿಕ್ಕದು, ಸುಮಾರು 2ರಿಂದ 7 ವಾರ. ಬ್ಯಾಕ್‌ಲಾಗ್‌ಗೆ ಆ ವಾರಗಳಲ್ಲಿ ಏನಾಯಿತು, ಯಾರು ಏನು ಮಾಡಿದರು ಅನ್ನುವ ಕಥೆ ಕಟ್ಟುವುದು ಸುಲಭ. "ಯಾರೋ ಹೆಲ್ಮೆಟ್‌ನಲ್ಲಿ ಹೊಡೆದಿರ್ತಾರೆ ಪಾಪ" ಅಂತ ಬಂದವರೆಲ್ಲ ಹೇಳ್ತಾರೆ. ಹೊಡೆದೇ ಇರಬೇಕು ಅಂತಿಲ್ಲ ಅಂದರು ಅಕ್ಕ. ಮನುಷ್ಯನ ದೇಹ, ಆದರೆ ಮುಖವಿಲ್ಲ, ಕಣ್ಣಿಲ್ಲ, ತಲೆ ಎರಡರಷ್ಟು. ಅಷ್ಟೇ ಸಾಕು ಹೆದರೋಕೆ. ಕಥೆ ಏನೇ ಇದ್ದರೂ ಮಾಡಬೇಕಾದ ಕೆಲಸ ಒಂದೇ.

ಆ ಕೆಲಸದ ಮೂಲ ಇವಾನ್ ಪಾವ್ಲೋವ್. ಗಂಟೆ ಬಾರಿಸಿ ನಾಯಿಗೆ ಜೊಲ್ಲು ಸುರಿಸಿದವನು ಅಂತ ಪಿಯುಸಿ ಬಯಾಲಜಿ ಓದಿದವರಿಗೆಲ್ಲ ಗೊತ್ತು. ಅವನಿಗೆ 1904ರಲ್ಲಿ ನೊಬೆಲ್ ಬಂದದ್ದು ಮಾತ್ರ ಜೀರ್ಣಕ್ರಿಯೆಯ ಕೆಲಸಕ್ಕೆ. ಅವನ ತತ್ವವನ್ನೇ ಭಯಕ್ಕೆ ತಿರುಗಿಸಿ ಬಳಸೋದು. ಭಯದ ವಸ್ತು ಕಾಣುತ್ತೆ, ತಕ್ಷಣ ಚಿಕನ್ ಬರುತ್ತೆ. ವಸ್ತು ಮರೆಯಾಗುತ್ತೆ, ಚಿಕನ್ ನಿಲ್ಲುತ್ತೆ. ಆರ್ಡರ್ ಮುಖ್ಯ: ಹೆಲ್ಮೆಟ್ ಮೊದಲು, ಚಿಕನ್ ಆಮೇಲೆ. ಉಲ್ಟಾ ಆದರೆ ಚಿಕನ್ ಕಂಡಾಗಲೇ "ಈಗ ಹೆಲ್ಮೆಟ್ ಬರುತ್ತೆ" ಅಂತ ನಾಯಿ ಹೆದರೋಕೆ ಕಲಿಯುತ್ತೆ. ಇನ್ನೊಂದು ಷರತ್ತು, ದೂರ. ನಾಯಿ ವಸ್ತುವನ್ನು ನೋಡಬೇಕು, ಆದರೆ ಹೆದರಬಾರದು. ಆ ಗೆರೆ ದಾಟಿದರೆ ಎಂಥ ಚಿಕನ್ ಇಟ್ಟರೂ ಬಾಯಿಗೆ ಹೋಗಲ್ಲ. ನಾಯಿ ತಿನ್ನೋದು ನಿಲ್ಲಿಸಿತು ಅಂದರೆ ನೀವು ಥ್ರೆಶೋಲ್ಡ್ ದಾಟಿದ್ದೀರಿ ಅಂತಲೇ ಅರ್ಥ. ಇದಕ್ಕಿಂತ ಅಗ್ಗದ ಸೆನ್ಸರ್ ನಮ್ಮ ಲ್ಯಾಬ್‌ನಲ್ಲೂ ಇಲ್ಲ.

ಕಾಂಪೌಂಡ್ ಒಳಗೆ ಸೀಮೆಸುಣ್ಣದಲ್ಲಿ ಒಂದೊಂದು ಅಡಿಗೆ ಗೆರೆ ಎಳೆದೆವು. ಮೊದಲ ದಿನ ಹೆಲ್ಮೆಟ್ 18 ಅಡಿ ದೂರದಲ್ಲಿ, ನೆಲದ ಮೇಲೆ, ಯಾರ ತಲೆಯ ಮೇಲೂ ಅಲ್ಲ. ದಿನಕ್ಕೆ ಎರಡು ಸಲ, ಐದೈದು ನಿಮಿಷ. ಬೇಯಿಸಿದ ಚಿಕನ್ ಕಡಲೆಕಾಳಿನಷ್ಟು ಚೂರುಗಳು. 17ನೇ ದಿನ 9 ಅಡಿ. 40ನೇ ದಿನ 2 ಅಡಿ. ಆಮೇಲೆ ಹೆಲ್ಮೆಟ್ ಕೈಯಲ್ಲಿ, ಮತ್ತೆ 18 ಅಡಿಯಿಂದ ಶುರು. ಆಮೇಲೆ ತಲೆಯ ಮೇಲೆ, ವೈಸರ್ ಎತ್ತಿ, ಮತ್ತೆ 18 ಅಡಿ. ಆಮೇಲೆ ವೈಸರ್ ಇಳಿಸಿ. ಎಲ್ಲ ಎಕ್ಸೆಲ್‌ನಲ್ಲಿ ಎಂಟ್ರಿ. ಪಕ್ಕದ ಮನೆಯ ಅಜ್ಜಿಗೆ ನಾವು ಕಾಲೇಜಿನ ಪ್ರಾಜೆಕ್ಟ್ ಮಾಡ್ತಿದ್ದೀವಿ ಅಂತ ಇವತ್ತಿಗೂ ನಂಬಿಕೆ.

ಮೈಸೂರಿನವರಿಗೆ ಇದು ಹೊಸ ವಿದ್ಯೆ ಏನಲ್ಲ ಅಂತ ದಸರಾ ಹೊತ್ತಿಗೆ ಅರ್ಥವಾಯಿತು. ವಿಜಯದಶಮಿ ದಿನ ಸುಮಾರು 750 ಕೆ.ಜಿ. ತೂಕದ ಚಿನ್ನದ ಅಂಬಾರಿ ಹೊರುವ ಆನೆಗೆ ಮೊದಲ ದಿನವೇ ಅಂಬಾರಿ ಕಟ್ಟುವುದಿಲ್ಲ. ವಾರಗಟ್ಟಲೆ ಮೊದಲೇ ಕಾಡಿನ ಶಿಬಿರದಿಂದ ಕರೆತಂದು, ಮರಳು ಮೂಟೆ ಹೊರಿಸಿ, ತೂಕ ಸ್ವಲ್ಪ ಸ್ವಲ್ಪವೇ ಏರಿಸಿ, ಆಮೇಲೆ ಮರದ ಅಂಬಾರಿ ಕಟ್ಟಿ ನಡೆಸುತ್ತಾರೆ. ಕುಶಾಲತೋಪಿನ ತಾಲೀಮು ಕೂಡ ಹಾಗೆಯೇ. ಜಂಬೂಸವಾರಿ ದಿನ 21 ಸುತ್ತು ಫಿರಂಗಿ ಸಿಡಿದಾಗ ಆನೆ, ಕುದುರೆಗಳು ಬೆಚ್ಚಬಾರದು ಅಂತ ಮುಂಚಿತವಾಗಿಯೇ ಸಿಡಿಸಿ ಅಭ್ಯಾಸ ಮಾಡಿಸುತ್ತಾರೆ. ಮಾವುತರು, ಕಾವಾಡಿಗಳು ಪಕ್ಕದಲ್ಲೇ ನಿಂತು ಮೈಸವರುತ್ತಾ ಸಮಾಧಾನ ಹೇಳುತ್ತಿರುತ್ತಾರೆ. ಚಿಕ್ಕಂದಿನಿಂದ ನೋಡಿದ್ದನ್ನೇ ಈಗ ನಮ್ಮ ಅಂಗಳದಲ್ಲಿ ಹೆಲ್ಮೆಟ್ ಇಟ್ಟುಕೊಂಡು ಮಾಡ್ತಾ ಇದ್ದೆವು, ಅಷ್ಟೇ.

ದೀಪಾವಳಿ ಮಾತ್ರ ನಮ್ಮ ಶೀಟ್ ನೋಡಿಕೊಂಡು ಬರಲಿಲ್ಲ. ಪಟಾಕಿಯ ಮೂರು ರಾತ್ರಿ ಬಾತ್‌ರೂಮಿನಲ್ಲಿ ಹಾಸಿಗೆ ಹಾಸಿ, ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನ್ ಸದ್ದು ಹಾಕಿ ಅವಳ ಜೊತೆ ಸರದಿಯಲ್ಲಿ ಕೂತೆವು. ವೆಟ್ ಮೊದಲೇ ಕೊಟ್ಟಿದ್ದ ಮಾತ್ರೆಯೂ ಆಯಿತು. ನಾಲ್ಕನೇ ದಿನ ಅಂಗಳಕ್ಕೆ ಬಂದಾಗ 2 ಅಡಿಯ ಹೆಲ್ಮೆಟ್ ಮತ್ತೆ 12 ಅಡಿಗೆ ಹೋಗಿತ್ತು. ಎಲೆಕ್ಟ್ರಾನಿಕ್ಸ್‌ನವರು "ಹಿಸ್ಟರೆಸಿಸ್" ಅಂದರು. ಏರಿದ ದಾರಿಯಲ್ಲೇ ಗ್ರಾಫ್ ಇಳಿಯಲ್ಲ. ಆದರೆ ಒಂದು ಸಮಾಧಾನ: ಎರಡನೇ ಸಲ 12ರಿಂದ 2ಕ್ಕೆ ಬರೋಕೆ ಒಂಬತ್ತೇ ದಿನ ಹಿಡಿಯಿತು. ಕಲಿತದ್ದು ಅಳಿಸಿ ಹೋಗಿರಲಿಲ್ಲ, ಮೇಲೆ ಭಯ ಕೂತಿತ್ತು.

ಈ ನಡುವೆ ಸಲಹೆಗಳ ಸುರಿಮಳೆ. ಹೆಚ್ಚು ಕೇಳಿದ್ದು, "ನೀವು ಆಲ್ಫಾ ಆಗ್ಬೇಕು ಮಗಾ, ಕುತ್ತಿಗೆ ಹಿಡಿದು ನೆಲಕ್ಕೆ ಒತ್ತು, ಯಾರು ಬಾಸ್ ಅಂತ ಗೊತ್ತಾಗುತ್ತೆ." ಈ ಆಲ್ಫಾ ಕಥೆಯ ಬೇರು 1947ರಲ್ಲಿ ರುಡಾಲ್ಫ್ ಶೆಂಕೆಲ್ ಮೃಗಾಲಯದ ತೋಳಗಳ ಬಗ್ಗೆ ಬರೆದ ಪ್ರಬಂಧದಲ್ಲಿದೆ. ಪರಿಚಯವೇ ಇಲ್ಲದ ತೋಳಗಳನ್ನು ಒಂದು ಆವರಣದಲ್ಲಿ ಕೂಡಿಹಾಕಿದಾಗ ಕಂಡ ಜಗಳ ಅದು. 1970ರ ತಮ್ಮ ಪುಸ್ತಕದಲ್ಲಿ ಈ ವಿಚಾರವನ್ನು ಜನಪ್ರಿಯಗೊಳಿಸಿದ ಡೇವಿಡ್ ಮೆಕ್ ಅವರೇ ಕಾಡಿನ ತೋಳಗಳನ್ನು ವರ್ಷಾನುಗಟ್ಟಲೆ ನೋಡಿ 1999ರಲ್ಲಿ ಅದನ್ನು ತಿದ್ದಿದರು. ಕಾಡಿನಲ್ಲಿ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ ಮತ್ತು ಮಕ್ಕಳು. ಅಲ್ಲಿ ಬಾಸ್‌ಗಿರಿ ಗೆಲ್ಲುವ ಟೂರ್ನಮೆಂಟ್ ನಡೆಯೋದಿಲ್ಲ. ಹಾಸ್ಟೆಲ್ ಬೇರೆ, ಮನೆ ಬೇರೆ. ಹಾಸ್ಟೆಲ್ ನೋಡಿ ಮನೆಯ ನಿಯಮ ಬರೆದರೆ ಹೀಗಾಗುತ್ತೆ.

ಗುರುಗುಟ್ಟುವ ವಿಷಯಕ್ಕೂ ಇದೇ ಸಲಹೆ ಬಂತು. ಗುರ್ರ್ ಅಂದಾಗ ಒಂದು ಬಾರಿಸಿದರೆ ನಿಲ್ಲುತ್ತೆ ಅಂತ. ನಿಲ್ಲುತ್ತೆ, ನಿಜ. ಆದರೆ ಗುರ್ರ್ ಅನ್ನೋದು ಹೊಗೆ ಅಲಾರಂ. ಅದರ ಬ್ಯಾಟರಿ ತೆಗೆದರೆ ಬೆಂಕಿ ಆರಲ್ಲ, ಸದ್ದಿಲ್ಲದೆ ಹತ್ತಿಕೊಳ್ಳುತ್ತೆ. ಎಚ್ಚರಿಕೆ ಕೊಡೋಕೆ ಹೆದರುವ ನಾಯಿ ಮುಂದೆ ಎಚ್ಚರಿಕೆ ಕೊಡದೆಯೇ ಕಚ್ಚುತ್ತೆ. ಹಾಗಾಗಿ ಅವಳು ಊಟ ಮಾಡೋದು ಅಡುಗೆಮನೆಯಲ್ಲಿ, ಬಾಗಿಲು ಮುಚ್ಚಿ, ಒಬ್ಬಳೇ. ಯಾರೂ ತಟ್ಟೆಗೆ ಕೈ ಹಾಕಲ್ಲ.

ಬಂದವರಿಗೆ ಗೊತ್ತಾಗಲಿ ಅಂತ ಬಾಗಿಲ ಮೇಲೆ ಎ4 ಹಾಳೆ ಅಂಟಿಸಿದ್ದೆವು: "ಹೆಲ್ಮೆಟ್ ಹೊರಗಿಡಿ. ನಾಯಿಯನ್ನು ನೋಡಬೇಡಿ, ಮಾತಾಡಿಸಬೇಡಿ, ಮುಟ್ಟಬೇಡಿ." ಹೆಚ್ಚಿನವರು ನಕ್ಕು ಪಾಲಿಸಿದರು. ಒಬ್ಬ ಗೆಳೆಯ, "ನಾಯಿಗಳಿಗೆಲ್ಲ ನಾನಂದ್ರೆ ಇಷ್ಟ" ಅಂತ ಹೇಳುತ್ತಲೇ ಮಂಚದ ಕೆಳಗೆ ಕೈ ಹಾಕಿದ. ಅವಳು ಗುರ್ರ್ ಅಂದಳು. ಅವನು "ಏ ಏ" ಅಂತ ಇನ್ನೂ ಬಗ್ಗಿದ. ಮುಂಗೈ ಮೇಲೆ ಎರಡು ಹಲ್ಲು ಕೂತವು.

ಆಳದ ಗಾಯ ಅಲ್ಲ. ಆದರೂ ನಲ್ಲಿ ಕೆಳಗೆ ಹದಿನೈದು ನಿಮಿಷ ಸೋಪು ಹಾಕಿ ತೊಳೆಸಿ, ಆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಬ್ಯಾಕ್‌ಲಾಗ್‌ಗೆ ರೇಬೀಸ್ ಲಸಿಕೆ ಆಗಿದ್ದ ಕಾರ್ಡು ತೋರಿಸಿದರೂ ಡಾಕ್ಟರ್ ಇಂಜೆಕ್ಷನ್ ಕೋರ್ಸ್ ಶುರು ಮಾಡಿ, ನಾಯಿಯನ್ನು ಹತ್ತು ದಿನ ಗಮನಿಸಿ ಅಂದರು. ಅದು ಸರಿಯಾದ ಕ್ರಮವೇ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಔಷಧ ಕೈ ಹಿಡಿಯುವುದಿಲ್ಲ. ಹಾಗಾಗಿ "ಚಿಕ್ಕ ಗಾಯ, ಸಾಕಿದ ನಾಯಿ" ಅನ್ನುವ ಲೆಕ್ಕಾಚಾರ ನಮ್ಮದಲ್ಲ, ಡಾಕ್ಟರದ್ದು.

ಆಸ್ಪತ್ರೆಯಿಂದ ಬಂದು ರಾತ್ರಿ ಒಂದು ಗಂಟೆಗೆ ನಾಲ್ಕು ಜನ ಹಾಲ್‌ನಲ್ಲಿ ಕೂತೆವು. ಅವಳು ಮಂಚದ ಕೆಳಗೆ. ವಾಪಸ್ ಕೊಡೋಣ ಅಂತ ಒಬ್ಬ ನೇರವಾಗಿ ಹೇಳಿದ. ಅವನು ಕಲ್ಲುಹೃದಯದವನಲ್ಲ. ಅತಿ ಹೆಚ್ಚು ಸಲ 6.30ಕ್ಕೆ ಎದ್ದವನು ಅವನೇ. "ನಾಳೆ ಓನರ್ ಮೊಮ್ಮಗು ಬಂದ್ರೆ? ಮಗೂಗೆ ಹಾಳೆ ಓದೋಕೆ ಬರುತ್ತಾ?" ಇದಕ್ಕೆ ಭಾವುಕ ಉತ್ತರ ನಡೆಯಲ್ಲ. ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆವು. ಅವರು ಯಾರನ್ನೂ ಬೈಯಲಿಲ್ಲ. ವಾಪಸ್ ಕೊಡೋದು ಪಾಪ ಅಲ್ಲ ಅಂದರು. ನಿಭಾಯಿಸೋಕೆ ಆಗಲ್ಲ ಅಂತ ಪ್ರಾಮಾಣಿಕವಾಗಿ ಶೆಲ್ಟರ್‌ಗೆ ಹಿಂದಿರುಗಿಸೋದಕ್ಕೂ, ರಾತ್ರೋರಾತ್ರಿ ರಿಂಗ್ ರೋಡ್‌ನಲ್ಲಿ ಬಿಟ್ಟು ಬರೋದಕ್ಕೂ ಭೂಮಿ ಆಕಾಶದ ವ್ಯತ್ಯಾಸ. ಹಸಿವು, ಬಾಯಾರಿಕೆಗೆ ಸಿಕ್ಕುವ ಹಾಗೆ ಪ್ರಾಣಿಯನ್ನು ತ್ಯಜಿಸೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ ಕೂಡ.

"ಇಟ್ಕೊಳ್ಳೋದಾದ್ರೆ ಹಾಳೆ ನಂಬ್ಕೊಂಡು ಇರಬೇಡಿ, ಬಾಗಿಲು ನಂಬಿ" ಅಂದರು. ಅಂದಿನಿಂದ ಯಾರು ಬಂದರೂ ಅವಳು ಹಿಂದಿನ ರೂಮಿನಲ್ಲಿ, ಚಿಲಕ ಹಾಕಿ. ಹೊರಗೆ ಹೋಗುವಾಗ ಬುಟ್ಟಿಯಂಥ ಮಜಲ್. ಅದರೊಳಗೆ ನಾಯಿ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು. ಮಜಲ್ ಒಳಗೆ ಮೊಸರು ಸವರಿ, ತಾನಾಗಿಯೇ ಮೂತಿ ತೂರಿಸುವ ಹಾಗೆ ಅಭ್ಯಾಸ ಮಾಡಿಸೋಕೆ ಮೂರು ವಾರ ಹಿಡಿಯಿತು. ಬೀದಿಯಲ್ಲಿ ಮಜಲ್ ನೋಡಿದವರು "ಅಯ್ಯೋ ಕ್ರೂರ" ಅಂತಾರೆ. ನಮಗೆ ಅದು ಬೈಕ್ ಹೆಲ್ಮೆಟ್ ಇದ್ದ ಹಾಗೆ. ವಾಪಸ್ ಕೊಡೋಣ ಅಂದವನೇ ಮಜಲ್ ಟ್ರೈನಿಂಗ್ ಪೂರ್ತಿ ಮಾಡಿದ್ದು.

ಬೆಕ್ಕಿನ ಕಥೆ ಚಿಕ್ಕದು, ಆದರೆ ಅದರಿಂದ ಕಲಿತದ್ದು ದೊಡ್ಡದು. ಅದೇ ಶೆಲ್ಟರ್‌ನ ನಾಲ್ಕು ವರ್ಷದ ಗಂಡು ಬೆಕ್ಕು, ಎರಡು ಮನೆಗೆ ಹೋಗಿ ಎರಡೂ ಸಲ ವಾಪಸ್ ಬಂದಿದ್ದ. ಕಾರಣದ ಕಾಲಂನಲ್ಲಿ ಎರಡೂ ಸಲ ಒಂದೇ ವಾಕ್ಯ: "ಎಲ್ಲೆಂದರಲ್ಲಿ ಉಚ್ಚೆ ಮಾಡುತ್ತದೆ, ಕೆಟ್ಟ ಅಭ್ಯಾಸ." ಎರಡು ಅಟೆಂಪ್ಟ್ ಆಗಿದ್ದರಿಂದ ಹೆಸರು ಸಪ್ಲಿ. ನಮ್ಮಲ್ಲಿ ಒಬ್ಬ ಮುಂದೆ ತಾನೇ ಇಟ್ಟುಕೊಳ್ಳುವುದಾಗಿ ಅಪ್ಪ ಅಮ್ಮನ ಹತ್ತಿರವೂ ಒಪ್ಪಿಗೆ ಪಡೆದು ಬರೆದುಕೊಟ್ಟ ಮೇಲೆ ಅವನನ್ನು ತಂದೆವು. ನಡವಳಿಕೆ ಅಂತ ಹೆಸರಿಡುವ ಮೊದಲು ನೋವು ಇದೆಯಾ ನೋಡಿ ಅನ್ನೋದು ಅಕ್ಕನ ಮೊದಲ ನಿಯಮ. ಮೂತ್ರ ಪರೀಕ್ಷೆ ಮಾಡಿಸಿದರೆ ಅದರಲ್ಲಿ ಹರಳುಗಳು, ಮೂತ್ರಕೋಶದಲ್ಲಿ ಉರಿಯೂತ. ಮಣ್ಣಿನ ಡಬ್ಬಿಯಲ್ಲಿ ಕೂತಾಗಲೆಲ್ಲ ಉರಿಯುತ್ತಿದ್ದರೆ ಬೆಕ್ಕು ಏನಂದುಕೊಳ್ಳುತ್ತೆ? ಈ ಡಬ್ಬಿಯೇ ನೋವಿನ ಜಾಗ, ಬೇರೆ ಜಾಗ ನೋಡೋಣ ಅಂದುಕೊಳ್ಳುತ್ತೆ. ತಣ್ಣನೆಯ ಟೈಲ್ಸ್, ಮೆತ್ತನೆಯ ಹಾಸಿಗೆ, ನಮ್ಮ ರೆಕಾರ್ಡ್ ಬುಕ್ಕು.

ಔಷಧ, ನೀರಿನಂಶ ಹೆಚ್ಚಿರುವ ಊಟ, ಮನೆಯ ಎರಡು ಮೂಲೆಯಲ್ಲಿ ಅಗಲವಾದ ತೆರೆದ ಪ್ಲಾಸ್ಟಿಕ್ ಟಬ್. ಒಂದು ಬೆಕ್ಕಿಗೆ ಎರಡು ಟಬ್, ಎರಡು ಬೆಕ್ಕಿಗೆ ಮೂರು, ಹೀಗೆ ಒಂದು ಹೆಚ್ಚಿಗೆ ಇಡೋದು ವಾಡಿಕೆ. ಊಟದ ಜಾಗದಿಂದ ದೂರ, ಪರಿಮಳವಿಲ್ಲದ ಮಣ್ಣು, ದಿನಾ ಶುಚಿ. ಎರಡು ತಿಂಗಳಲ್ಲಿ "ಕೆಟ್ಟ ಅಭ್ಯಾಸ" ಮುಗಿಯಿತು. ಇದನ್ನು ಓದುತ್ತಿರುವವರಲ್ಲಿ ಗಂಡು ಬೆಕ್ಕು ಸಾಕಿದವರಿದ್ದರೆ ಒಂದು ಮಾತು: ಅದು ಪದೇ ಪದೇ ಕೂತು ಮುಕ್ಕುತ್ತಿದೆ, ಉಚ್ಚೆ ಬರುತ್ತಿಲ್ಲ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ. ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದು.

ಸಪ್ಲಿ ಮತ್ತು ಬ್ಯಾಕ್‌ಲಾಗ್ ಮೊದಲ ಎರಡು ವಾರ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬೇರೆ ಬೇರೆ ರೂಮು, ಒಬ್ಬರು ಮಲಗಿದ ಬಟ್ಟೆ ಇನ್ನೊಬ್ಬರಿಗೆ ಮೂಸೋಕೆ. ಈಗ ಸ್ನೇಹಿತರೇನಲ್ಲ. ಒಂದೇ ಪಿಜಿಯ ಎರಡು ರೂಮಿನವರ ಹಾಗೆ ಕಾರಿಡಾರ್‌ನಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ಹೋಗ್ತಾರೆ. ಸಾಕು.

ಖರ್ಚು ಎಷ್ಟು ಅಂತ ಕೇಳ್ತೀರಿ. ಇಬ್ಬರದೂ ಸೇರಿ ತಿಂಗಳಿಗೆ ಸುಮಾರು 4,000 ರೂಪಾಯಿ, ತಲೆಗೆ 1,000. ಸಪ್ಲಿಯ ಚಿಕಿತ್ಸೆ ನಡೆದ ತಿಂಗಳು ಅದು ಮೂರು ಪಟ್ಟು ಆಯಿತು. ಸ್ವಿಗ್ಗಿ ನಿಂತಿತು, ಗೋವಾ ಟ್ರಿಪ್ ನಿಂತಿತು. ದುಡ್ಡಿಗಿಂತ ಹೆಚ್ಚು ಖರ್ಚಾದದ್ದು ಹೊತ್ತು. ನಾಲ್ಕೂ ಜನ ಒಟ್ಟಿಗೆ ಊರಿಗೆ ಹೋಗಿ ಒಂದೂವರೆ ವರ್ಷ ಆಯಿತು.

ಇದನ್ನೆಲ್ಲ ಈಗ ಬರೆಯೋಕೆ ಎರಡು ಕಾರಣ. ಒಂದು, ಕಳೆದ ವರ್ಷದ ಕೋರ್ಟ್ ಆದೇಶಗಳು. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಬೀದಿ ನಾಯಿಗಳನ್ನು ದತ್ತು ಪಡೆಯಲು ಬಯಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಬಹುದು, ಆದರೆ ಅವು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳೋದು ಅವರದೇ ಹೊಣೆ ಅಂದಿತು. ನವೆಂಬರ್ 7ರಂದು ಶಾಲೆ ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಜಾಗಗಳಿಂದ ನಾಯಿಗಳನ್ನು ಶೆಲ್ಟರ್‌ಗೆ ಸಾಗಿಸಬೇಕು, ಮತ್ತೆ ಅಲ್ಲೇ ಬಿಡಬಾರದು ಅಂತ ಆದೇಶಿಸಿತು. ಅದರ ಸರಿ ತಪ್ಪಿನ ಚರ್ಚೆ ಕ್ಯಾಂಟೀನ್‌ನಲ್ಲಿ ಸಾಕಷ್ಟು ಆಗಿದೆ. ನಾಯಿಗೆ ಹೆದರಿ ಲೈಬ್ರರಿಯಿಂದ ರಾತ್ರಿ ಒಬ್ಬರೇ ಬರಲಾರದವರೂ ನಮ್ಮ ನಡುವೆ ಇದ್ದಾರೆ, ಅವರ ಭಯವೂ ಭಯವೇ. ನಮಗೆ ಹೇಳಬೇಕಾಗಿರೋದು ಇಷ್ಟು: ಕ್ಯಾಂಪಸ್ ನಾಯಿ ಶೆಲ್ಟರ್‌ಗೆ ಹೋದ ತಕ್ಷಣ ಕಥೆ ಮುಗಿಯಲ್ಲ. ಸ್ವಂತ ಬೀದಿ, ಸ್ವಂತ ಹೊತ್ತು, ಗುರುತಿನ ಮುಖಗಳು ಎಲ್ಲ ಕಳೆದುಕೊಂಡು ಗೂಡಿನಲ್ಲಿ ಕೂತ ದೊಡ್ಡ ನಾಯಿ ಬೇಗ ಬ್ಯಾಕ್‌ಲಾಗ್ ಆಗುತ್ತೆ. ಮರಿಗಳು ಹೋಗ್ತವೆ, ಇವು ಉಳೀತವೆ.

ಎರಡನೇ ಕಾರಣ, ನಾವು ಎಂಟನೇ ಸೆಮಿಸ್ಟರ್‌ನಲ್ಲಿದ್ದೇವೆ. ಅಕ್ಕ ಅಂದು ಮಾಡಿಸಿದ ವ್ಯವಕಲನದ ಉತ್ತರ ಈಗ ಎದುರು ನಿಂತಿದೆ. ಒಬ್ಬನಿಗೆ ಪುಣೆಯಲ್ಲಿ ಕೆಲಸ. ಒಬ್ಬ ಎಂ.ಟೆಕ್ ಅಂತ ಓದುತ್ತಿದ್ದಾನೆ. ಸಪ್ಲಿ ಬೆಂಗಳೂರಿಗೆ ಹೋಗುವವನ ಜೊತೆ ಹೋಗ್ತಾನೆ. ಬೆಕ್ಕು ಇದೆ ಅಂತ ಬಾಡಿಗೆ ಕರಾರಿನಲ್ಲೇ ಬರೆಸಿಕೊಳ್ಳುವ ಮನೆ ಸಿಗೋವರೆಗೆ ಅವನು ಹನ್ನೊಂದು ಮನೆ ನೋಡಿದ. ಬ್ಯಾಕ್‌ಲಾಗ್ ನಂಜನಗೂಡಿಗೆ.

ಒಮ್ಮೆಲೇ ಕಳಿಸಿದರೆ ಮತ್ತೆ ಮಂಚದ ಕೆಳಗೆ ಸೇರಿಕೊಳ್ತಾಳೆ ಅಂತ ಆರನೇ ಸೆಮಿಸ್ಟರ್‌ನಿಂದಲೇ ತಿಂಗಳಿಗೆ ಎರಡು ವೀಕೆಂಡ್ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗ್ತಿದ್ದೇವೆ. ಮೊದಲು ಗೇಟಿನವರೆಗೆ, ಆಮೇಲೆ ಹಿತ್ತಲು, ಆಮೇಲೆ ಒಂದು ರಾತ್ರಿ. ಅವಳ ಹಾಸಿಗೆ, ಅವಳ ತಟ್ಟೆ, ಅದೇ 6.30, ಅದೇ 8 ಗಂಟೆ. ಗೆಳೆಯನ ಅಮ್ಮ ನಾಯಿ ಸಾಕಿದವರಲ್ಲ, ಯೂಟ್ಯೂಬ್ ನೋಡಿದವರೂ ಅಲ್ಲ. ಅವಳನ್ನು ಕರೆಯಲಿಲ್ಲ, ಮುಟ್ಟಲಿಲ್ಲ. ಸಂಜೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಾ ತಮ್ಮ ಪಾಡಿಗೆ ಏನೋ ಗುನುಗುತ್ತಿದ್ದರು. ದಿನಾ ಅದೇ ಮೆಟ್ಟಿಲು, ಅದೇ ಹೊತ್ತು, ಅದೇ ಗುನುಗು. ನಾವು ಹಾಲ್‌ನಿಂದ ಕದ್ದು ನೋಡುತ್ತಿದ್ದೆವು. ಜನವರಿಯ ಒಂದು ಶನಿವಾರ ಬ್ಯಾಕ್‌ಲಾಗ್ ಹೋಗಿ ಅವರಿಂದ ಮೂರಡಿ ದೂರದಲ್ಲಿ, ಅವರಿಗೆ ಬೆನ್ನು ಮಾಡಿ ಮಲಗಿದಳು. ನಾಯಿ ನಿಮಗೆ ಬೆನ್ನು ಕೊಟ್ಟು ಮಲಗಿತು ಅಂದರೆ ನಿಮ್ಮನ್ನು ಕಾಯುವ ಅಗತ್ಯ ಇಲ್ಲ ಅಂತ ಅದು ತೀರ್ಮಾನಿಸಿದೆ ಅಂತ ಅರ್ಥ. ನಮ್ಮ ಮನೆಯಲ್ಲಿ ಈ ಹಂತ ಬರೋಕೆ ನಾಲ್ಕು ತಿಂಗಳು ಹಿಡಿದಿತ್ತು. ಅಮ್ಮನ ಹತ್ತಿರ ಅದು ಆರನೇ ಭೇಟಿ.

ನಮ್ಮಲ್ಲಿ ಮೂವರಿಗೆ ಅವಳು ಇನ್ನು ಮೇಲೆ ರಜೆಗೆ ಸಿಗುವ ನಾಯಿ. ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳಬೇಕು. ಆದರೆ ಅವಳ ಕಡೆಯಿಂದ ಲೆಕ್ಕ ಹಾಕಿದರೆ ಉಳಿದ ವರ್ಷಗಳ ಊಟ, ಗೇಟು, ಮೆಟ್ಟಿಲು ಎಲ್ಲ ಮೊದಲೇ ಗೊತ್ತಿದೆ. ಹೆಲ್ಮೆಟ್ ಕಂಡರೆ ಈಗಲೂ ಕಿವಿ ಹಿಂದಕ್ಕೆ ಹೋಗುತ್ತೆ, ಪಟಾಕಿಗೆ ಈಗಲೂ ಬಾತ್‌ರೂಮ್ ಬೇಕು. ಅವಳು "ಸರಿಹೋಗಿಲ್ಲ". ಅವಳ ಭಯಕ್ಕೆ ಜಾಗ ಬಿಟ್ಟು ಬದುಕೋದು ಹೇಗೆ ಅಂತ ನಮಗೆ ಗೊತ್ತಾಗಿದೆ, ಈಗ ಅಮ್ಮನಿಗೂ.

ಇದನ್ನು ಓದಿ ನಾಳೆಯೇ ಯಾರೂ ನಾಯಿ ತರಬೇಡಿ. ಹಾಸ್ಟೆಲ್‌ನಲ್ಲಿ ಇರುವವರಂತೂ ಬೇಡವೇ ಬೇಡ. ಬೇಕಾದರೆ ಭಾನುವಾರ ನಿಮ್ಮೂರಿನ ಶೆಲ್ಟರ್‌ಗೆ ಹೋಗಿ. ಮರಿಗಳ ಹತ್ತಿರ ಜನ ಇದ್ದೇ ಇರ್ತಾರೆ. ಶೆಲ್ಟರ್‌ನವರನ್ನು ಕೇಳಿಕೊಂಡು, ಗೋಡೆ ಕಡೆ ಮುಖ ಮಾಡಿ ಕೂತಿರುವ ದೊಡ್ಡ ನಾಯಿಯ ಕೆನ್ನೆಲ್ ಹೊರಗೆ ನೆಲದ ಮೇಲೆ ಕೂತು, ಅದನ್ನು ನೋಡದೆ, ನಿಮ್ಮ ಅಸೈನ್‌ಮೆಂಟ್ ಬರೀರಿ. ಒಂದು ಗಂಟೆ. ಮುಂದಿನ ಭಾನುವಾರ ಅದೇ ಹೊತ್ತಿಗೆ ಅದೇ ಜಾಗ. ಅಸೈನ್‌ಮೆಂಟ್‌ಗೆ ಬರಗಾಲ ಇಲ್ಲ, ನಮಗೆ ಗೊತ್ತು. ಒಂದು ದಿನ ಅದು ತಿರುಗಿ ಕೂತರೆ, ಅದನ್ನು ನೋಡಿಕೊಳ್ಳುವವರಿಗೆ ಹೇಳಿ. ಯಾರದೋ ಮನೆಗೆ ಹೋಗುವ ದಾರಿ ಅದಕ್ಕೆ ಅಷ್ಟು ಹತ್ತಿರ ಆಗಿರುತ್ತೆ.